ಶ್ರವಣಸಾಧನದಲ್ಲಿ ಕಾಲವಿಳಂಬವೂ ನಾದದ ಗುಣವೂ

ಜ್ಞಾನೇಂದ್ರಿಯಗಳು ಐದಾದರೂ ವಿದ್ಯೆಯ ಮಟ್ಟಿಗೆ ಅಗ್ರಸ್ಥಾನ ಕಿವಿಯದು. ಶ್ರವಣ, ಮನನ, ನಿದಿಧ್ಯಾಸನ ಎಂದು ಪೂರ್ವಿಕರು ಕಲಿಕೆಯ ಮೆಟ್ಟಿಲುಗಳನ್ನು ಎಣಿಸುವಾಗ ಶ್ರವಣವನ್ನೇ ಮೊದಲಿಗೆ ಇರಿಸಿದರು. ಹಲವನ್ನು ಓದಿ ತಿಳಿದವನನ್ನೂ 'ಬಹುಶ್ರುತ'ನೆಂದೇ ಕರೆಯುವುದು ರೂಢಿ. ಹಲವನ್ನು ಕಂಡವನೆಂಬುದಕ್ಕಿಂತ ಹಲವನ್ನು ಕೇಳಿದವನೆಂಬುದೇ ಪಾಂಡಿತ್ಯಕ್ಕೆ ಭೂಷಣವಾಯಿತು. ಇಂತಹ ಕಿವಿ ಮಂದವಾದಾಗ ಮನುಷ್ಯನು ಕಳೆದುಕೊಳ್ಳುವುದು ಶಬ್ದವೊಂದನ್ನೇ ಅಲ್ಲ. ಸಂಸಾರದ ನಡುವೆ ಕುಳಿತಿದ್ದೂ ಅವನು ಒಂಟಿಯಾಗುತ್ತಾನೆ. ಆ ಒಂಟಿತನವನ್ನು ನೀಗಲೆಂದು ವಿಜ್ಞಾನವು ನೀಡಿದ ಕೊಡುಗೆಯೇ ಶ್ರವಣಸಾಧನ.

ಆದರೆ ಸಾಧನವನ್ನು ಕೊಂಡು ತಂದ ಮನೆಗಳಲ್ಲೆಲ್ಲ ಈ ಒಂಟಿತನ ನೀಗಿದೆಯೆಂದು ಹೇಳುವಂತಿಲ್ಲ. ಎಷ್ಟೋ ಹಿರಿಯರು ಕೆಲವು ದಿನ ಅದನ್ನು ಧರಿಸಿ, ಬಳಿಕ ಪೆಟ್ಟಿಗೆಯಲ್ಲಿಟ್ಟುಬಿಡುತ್ತಾರೆ. ಕಾರಣ ಕೇಳಿದರೆ, "ಮಾತು ಕೇಳಿಸುತ್ತದೆ, ಆದರೆ ಕೊಡದೊಳಗಿನಿಂದ ಬಂದ ಹಾಗಿದೆ" ಎನ್ನುತ್ತಾರೆ. "ನನ್ನ ದನಿ ನನ್ನದೆಂದೇ ಅನ್ನಿಸುವುದಿಲ್ಲ" ಎನ್ನುತ್ತಾರೆ. "ತಗಡು ಬಡಿದಂತಾಗುತ್ತದೆ" ಎನ್ನುತ್ತಾರೆ. ಮನೆಯವರು ಇದನ್ನು ಮುಪ್ಪಿನ ಹಟವೆಂದು ಬಗೆಯುವುದುಂಟು. ವಾಸ್ತವವಾಗಿ ಈ ದೂರುಗಳ ಹಿಂದೆ ಹಲವು ಭೌತಿಕ ಕಾರಣಗಳಿವೆ. ಕಿವಿಯ ನಾಳವು ಮುಚ್ಚಿಹೋಗುವುದು ಒಂದು. ವರ್ಧನೆಯ ಪ್ರಮಾಣ ಹೊಂದದಿರುವುದು ಇನ್ನೊಂದು. ಮೂರನೆಯದೊಂದಿದೆ, ಅದು ಬಹುಜನರಿಗೆ ತಿಳಿಯದು. ಸಾಧನದ ಒಳಗೆ ಧ್ವನಿಯು ಸಂಸ್ಕಾರಗೊಂಡು ಹೊರಬರಲು ಹಿಡಿಯುವ ಅತ್ಯಲ್ಪ ಕಾಲವೇ ಆ ಕಾರಣ. ಅದರ ಸ್ವರೂಪವನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಕಾಲದ ಅಳತೆ

ಮೊದಲು ಇಲ್ಲಿ ಪ್ರಸ್ತುತವಾದ ಕಾಲಮಾನವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಸೆಕೆಂಡಿನ ಸಾವಿರದ ಒಂದು ಭಾಗಕ್ಕೆ ಮಿಲಿಸೆಕೆಂಡೆಂದು ಹೆಸರು. 'ನಿಮಿಷ' ಎಂಬ ಶಬ್ದಕ್ಕೆ ಮೂಲಾರ್ಥ ಕಣ್ಣೆವೆ ಇಕ್ಕುವುದೆಂದು. ಹಾಗೆ ಎವೆ ಇಕ್ಕಿ ತೆರೆಯಲು 100 ಮಿಲಿಸೆಕೆಂಡುಗಳಾದರೂ ಬೇಕು. ವ್ಯಾಕರಣಕಾರರು ಹ್ರಸ್ವಸ್ವರದ ಉಚ್ಚಾರಣೆಯ ಕಾಲವನ್ನು ಒಂದು ಮಾತ್ರೆಯೆಂದರು. ಸಾಧಾರಣ ವೇಗದ ಮಾತಿನಲ್ಲಿ ಅದು ಸೆಕೆಂಡಿನ ಹತ್ತನೆಯ ಒಂದು ಭಾಗ ಅಥವಾ ಅದಕ್ಕಿಂತ ತುಸು ಕಡಿಮೆ. ಇಂದಿನ ಬಹುತೇಕ ಶ್ರವಣಸಾಧನಗಳ ವಿಳಂಬವಾದರೋ ಸುಮಾರು 5ರಿಂದ 8 ಮಿಲಿಸೆಕೆಂಡು. ಎಂದರೆ ಅದು ಮಾತ್ರೆಯ ಹತ್ತನೆಯ ಒಂದು ಭಾಗವನ್ನೂ ಮುಟ್ಟದು. ಇಷ್ಟು ಸೂಕ್ಷ್ಮವಾದ ಕಾಲವು ಕಿವಿಗೆ ಹೇಗೆ ಗೋಚರವಾದೀತು ಎಂಬ ಸಂದೇಹ ಸಹಜವೇ ಆಗಿದೆ.

ದೂರದ ಲೆಕ್ಕದಲ್ಲಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಗಾಳಿಯಲ್ಲಿ ಧ್ವನಿಯು ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ಒಂದು ಮಿಲಿಸೆಕೆಂಡಿನಲ್ಲಿ 34 ಸೆಂಟಿಮೀಟರು. ಹಾಗಾದರೆ 5 ಮಿಲಿಸೆಕೆಂಡಿನ ವಿಳಂಬವೆಂದರೆ 1.7 ಮೀಟರು, ಅಂದರೆ ಒಂದು ಆಳುದ್ದದ ದಾರಿ. ಎದುರಿಗೆ ಒಬ್ಬನು ಮಾತನಾಡುತ್ತಿರುವಾಗ ಅವನ ಹಿಂದೆ ಒಂದಾಳುದ್ದ ದೂರದಲ್ಲಿ ಇನ್ನೊಬ್ಬನು ನಿಂತು ಅದೇ ಮಾತನ್ನು ಅದೇ ಕ್ಷಣಕ್ಕೆ ನುಡಿದರೆ ಹೇಗೋ, ಸಾಧನದ ಧ್ವನಿಯೂ ನೇರ ಧ್ವನಿಯೂ ಕೂಡಿದಾಗ ಹಾಗೆಯೇ ಆಗುತ್ತದೆ.

ವಿಳಂಬವು ಹುಟ್ಟುವ ಬಗೆ

ಹಳೆಯ ಕಾಲದ ಸಾಧನಗಳಲ್ಲಿ ಈ ತೊಡಕು ಇರಲಿಲ್ಲವೆಂದೇ ಹೇಳಬೇಕು. ನಿರ್ವಾತ ನಳಿಗೆಗಳ ಕಾಲದಲ್ಲಿಯೂ, 1950ರ ದಶಕದಲ್ಲಿ ಟ್ರಾನ್ಸಿಸ್ಟರ್ ಬಂದ ಮೇಲೂ, ಮೈಕ್ರೊಫೋನು ಗ್ರಹಿಸಿದ ಧ್ವನಿಯು ವಿದ್ಯುತ್ತಿನ ಅಲೆಯಾಗಿ, ಆ ಅಲೆಯು ಹಿಗ್ಗಿ, ಕೂಡಲೇ ಕಿವಿಯೊಳಗಿನ ಪುಟ್ಟ ಧ್ವನಿವರ್ಧಕವನ್ನು ಸೇರುತ್ತಿತ್ತು. ನಡುವೆ ನಿಲ್ಲುವ ತಾಣವಿರಲಿಲ್ಲ. ಆದರೆ ಆ ಸಾಧನಕ್ಕೆ ವಿವೇಚನೆಯೂ ಇರಲಿಲ್ಲ. ಮಾತನ್ನೂ ಗದ್ದಲವನ್ನೂ ಅದು ಒಂದೇ ಸಮನೆ ಹಿಗ್ಗಿಸುತ್ತಿತ್ತು.

1996ರಲ್ಲಿ ಡೆನ್ಮಾರ್ಕಿನ ವೈಡೆಕ್ಸ್ ಮತ್ತು ಓಟಿಕಾನ್ ಸಂಸ್ಥೆಗಳು ಪೂರ್ಣ ಡಿಜಿಟಲ್ ಸಾಧನಗಳನ್ನು ಮಾರುಕಟ್ಟೆಗೆ ತಂದವು. ಇವುಗಳಲ್ಲಿ ಧ್ವನಿಯನ್ನು ಮೊದಲು ಅಂಕೆಗಳನ್ನಾಗಿ ಮಾರ್ಪಡಿಸಲಾಗುತ್ತದೆ. ಸೆಕೆಂಡಿಗೆ 16,000 ಸಲವೋ 20,000 ಸಲವೋ ಅಲೆಯ ಎತ್ತರವನ್ನು ಅಳೆದು ಅಂಕೆಯಾಗಿ ಬರೆದುಕೊಳ್ಳುವುದು, ಆ ಅಂಕೆಗಳ ಮೇಲೆ ಗಣಿತಕ್ರಿಯೆ ನಡೆಸುವುದು, ಕೊನೆಗೆ ಅಂಕೆಗಳನ್ನು ಮರಳಿ ಧ್ವನಿಯಾಗಿಸುವುದು ಇದರ ಕ್ರಮ. ಈ ಮೂರು ಹಂತಗಳೂ ಕಾಲವನ್ನು ತಿನ್ನುತ್ತವೆ. ಅವುಗಳಲ್ಲಿ ಹೆಚ್ಚಿನ ಪಾಲು ನಡುವಿನ ಗಣಿತಕ್ರಿಯೆಯದು.

ಗಣಕವು ಮಂದಗತಿಯದೆಂಬುದು ಇದಕ್ಕೆ ಮುಖ್ಯ ಕಾರಣವಲ್ಲ. ಕಾರಣ ಇನ್ನೂ ಆಳವಾಗಿದೆ. ಕಿವಿಮಂದನಾದವನಿಗೆ ಎಲ್ಲ ಸ್ವರಗಳೂ ಸಮನಾಗಿ ಕುಂದಿರುವುದಿಲ್ಲ. ವೃದ್ಧಾಪ್ಯದಲ್ಲಿ ಸಾಮಾನ್ಯವಾಗಿ ತಾರಸ್ಥಾಯಿಯ ಕಡೆಯವು ಮೊದಲು ಕುಂದುತ್ತವೆ. ಆದ್ದರಿಂದ ಸಾಧನವು ಧ್ವನಿಯನ್ನು ಆವೃತ್ತಿಗಳ ಪಟ್ಟಿಗಳಾಗಿ ವಿಂಗಡಿಸಿ, ಕುಂದಿರುವ ಪಟ್ಟಿಗೆ ಹೆಚ್ಚು ಬಲವನ್ನೂ ಕುಂದದಿರುವುದಕ್ಕೆ ಕಡಿಮೆ ಬಲವನ್ನೂ ಕೊಡಬೇಕು. ಈ ವಿಂಗಡಣೆಗೆ ಕಾಯುವುದು ಅನಿವಾರ್ಯ. ಕಚೇರಿಯಲ್ಲಿ ಕುಳಿತ ಶ್ರೋತೃವು ಮೊದಲ ಪೆಟ್ಟನ್ನು ಕೇಳಿದೊಡನೆ ಅದು ಯಾವ ತಾಳವೆಂದು ನಿರ್ಣಯಿಸಲಾರ. ಒಂದು ಆವರ್ತವಾದರೂ ಮುಗಿಯಬೇಕು. ನಾದದ ವಿಷಯದಲ್ಲಿಯೂ ಅದೇ ನ್ಯಾಯ. ಸೆಕೆಂಡಿಗೆ 100 ಸಲ ಕಂಪಿಸುವ ಸ್ವರಕ್ಕೆ ಒಂದು ಕಂಪನ ಮುಗಿಯಲು 10 ಮಿಲಿಸೆಕೆಂಡು ಬೇಕು. ಪರಸ್ಪರ 100 ಹರ್ಟ್ಸ್ ಅಂತರವಿರುವ ಎರಡು ಸ್ವರಗಳನ್ನು ಬೇರೆಬೇರೆಯೆಂದು ಗುರುತಿಸಬೇಕಾದರೂ ಸುಮಾರು ಅಷ್ಟೇ ಕಾಲದ ಧ್ವನಿ ಕೈಯಲ್ಲಿರಬೇಕು. ಸೆಕೆಂಡಿಗೆ 16,000 ಅಳತೆ ತೆಗೆಯುವ ಸಾಧನವು 64 ಅಳತೆಗಳ ಕಂತೆಯನ್ನು ಕೂಡಿಹಾಕಲು 4 ಮಿಲಿಸೆಕೆಂಡು ಕಾಯುತ್ತದೆ. 128ರ ಕಂತೆಗೆ 8 ಮಿಲಿಸೆಕೆಂಡು. ಕಂತೆ ದೊಡ್ಡದಾದಷ್ಟೂ ವಿಂಗಡಣೆ ನಯವಾಗುತ್ತದೆ, ಗದ್ದಲವನ್ನು ಮಾತಿನಿಂದ ಬೇರ್ಪಡಿಸುವುದು ಸುಲಭವಾಗುತ್ತದೆ. ಆದರೆ ವಿಳಂಬವೂ ಬೆಳೆಯುತ್ತದೆ. ನಯವನ್ನು ಕೊಳ್ಳಬೇಕಾದರೆ ಕಾಲವನ್ನು ತೆರಬೇಕು. ಇದು ಯಾವ ಕಾರ್ಖಾನೆಯೂ ಮೀರಲಾರದ ಗಣಿತನಿಯಮ.

ಎರಡು ನಾದಗಳ ಕೂಟ

ವಿಳಂಬ ಎಷ್ಟೇ ಇರಲಿ, ಕಿವಿಗೆ ಸಾಧನದ ಧ್ವನಿಯೊಂದೇ ತಲುಪುತ್ತಿದ್ದರೆ ನಾದದ ಬಣ್ಣ ಕೆಡುತ್ತಿರಲಿಲ್ಲ. ಎಲ್ಲವೂ ಒಂದೇ ಸಮನೆ ತುಸು ತಡವಾಗಿ ಕೇಳಿಸುತ್ತಿತ್ತು, ಅಷ್ಟೆ. ತೊಡಕು ಹುಟ್ಟುವುದು ಎರಡು ದಾರಿಗಳಿರುವುದರಿಂದ. ಕಿವಿಯ ನಾಳವನ್ನು ಪೂರ್ತಿ ಮುಚ್ಚಿದರೆ ಧರಿಸಿದವನಿಗೆ ತನ್ನ ದನಿ ತಲೆಯೊಳಗೆ ಗುಂಯ್ಗುಡುತ್ತದೆ. ಅದನ್ನು ತಪ್ಪಿಸಲು ಕಿವಿಯಚ್ಚಿನಲ್ಲಿ ಗಾಳಿರಂಧ್ರವನ್ನು ಕೊರೆಯುತ್ತಾರೆ, ಅಥವಾ ತೆರೆದ ತುದಿಯನ್ನು ಅಳವಡಿಸುತ್ತಾರೆ. ಆ ತೆರಪಿನಿಂದ ಹೊರಗಿನ ಧ್ವನಿಯು, ಅದರಲ್ಲಿಯೂ ಮಂದ್ರಭಾಗದ್ದು, ನೇರವಾಗಿ ಒಳಹೊಗುತ್ತದೆ. ಸಾಧನದಿಂದ ಬಂದ ಧ್ವನಿ ಅದರ ಹಿಂದೆಯೇ 5 ಮಿಲಿಸೆಕೆಂಡು ತಡವಾಗಿ ಬಂದು ಕೂಡಿಕೊಳ್ಳುತ್ತದೆ.

ಧ್ವನಿಯು ಅಲೆ, ಅಲೆಗೆ ಉಬ್ಬೂ ಉಂಟು, ತಗ್ಗೂ ಉಂಟು. ಉಬ್ಬಿಗೆ ಉಬ್ಬು ಕೂಡಿದರೆ ನಾದ ಬಲಗೊಳ್ಳುತ್ತದೆ. ಉಬ್ಬಿಗೆ ತಗ್ಗು ಕೂಡಿದರೆ ಒಂದನ್ನೊಂದು ಅಳಿಸುತ್ತವೆ. ಭೌತಶಾಸ್ತ್ರವು ಇದನ್ನು ವ್ಯತಿಕರಣವೆಂದು ಕರೆಯುತ್ತದೆ. ವಿಳಂಬ 5 ಮಿಲಿಸೆಕೆಂಡಾದಾಗ, 100 ಹರ್ಟ್ಸಿನ ಸ್ವರಕ್ಕೆ ಅದು ಸರಿಯಾಗಿ ಅರ್ಧ ಕಂಪನದ ಕಾಲ. ಆದುದರಿಂದ ಆ ಸ್ವರದ ನೇರ ಅಲೆಯೂ ತಡವಾದ ಅಲೆಯೂ ಎದುರುಬದುರಾಗಿ ಕುಂದುತ್ತವೆ. 200 ಹರ್ಟ್ಸಿನ ಸ್ವರಕ್ಕೆ ಅದೇ ಕಾಲ ಒಂದು ಪೂರ್ಣ ಕಂಪನ. ಅಲ್ಲಿ ಅವು ಕೂಡಿ ಬಲಿಯುತ್ತವೆ. ಮತ್ತೆ 300ರಲ್ಲಿ ತಗ್ಗು, 400ರಲ್ಲಿ ಉಬ್ಬು, 500ರಲ್ಲಿ ತಗ್ಗು. ಹೀಗೆ ನಾದದ ಹರವಿನುದ್ದಕ್ಕೂ 200 ಹರ್ಟ್ಸಿಗೊಂದರಂತೆ ತಗ್ಗುಗಳು ಸಾಲುಗೊಳ್ಳುತ್ತವೆ. ಇದನ್ನು ಚಿತ್ರದಲ್ಲಿ ಬರೆದರೆ ಹಣಿಗೆಯ ಹಲ್ಲುಗಳಂತೆ ಕಾಣುವುದರಿಂದ 'ಬಾಚಣಿಗೆ ಪರಿಣಾಮ'ವೆಂಬ ಹೆಸರು ಬಂದಿದೆ. ವಿಳಂಬ 10 ಮಿಲಿಸೆಕೆಂಡಾದರೆ ಹಲ್ಲುಗಳು 100 ಹರ್ಟ್ಸಿಗೊಂದರಂತೆ ಇನ್ನೂ ಒತ್ತಾಗುತ್ತವೆ.

ಮನುಷ್ಯನ ಕಂಠವು ಏಕಸ್ವರವಲ್ಲ. ಮೂಲಸ್ವರದೊಡನೆ ಅದರ ಎರಡು ಮಡಿ, ಮೂರು ಮಡಿ, ನಾಲ್ಕು ಮಡಿಯ ಉಪಸ್ವರಗಳು ಸೇರಿ 'ಅ'ಕಾರವನ್ನು 'ಅ'ಕಾರವನ್ನಾಗಿ, 'ಇ'ಕಾರವನ್ನು 'ಇ'ಕಾರವನ್ನಾಗಿ ಮಾಡುತ್ತವೆ; ಇವರ ದನಿ ಇಂತಹುದು, ಅವರ ದನಿ ಅಂತಹುದು ಎಂಬ ಗುರುತನ್ನೂ ಅವೇ ಕೊಡುತ್ತವೆ. ಬಾಚಣಿಗೆಯು ಈ ಉಪಸ್ವರಗಳಲ್ಲಿ ಕೆಲವನ್ನು ಕುಗ್ಗಿಸಿ ಕೆಲವನ್ನು ಹಿಗ್ಗಿಸಿದಾಗ ಅಕ್ಷರ ಅಳಿಯದಿದ್ದರೂ ಅದರ ಕಾಂತಿ ಕುಂದುತ್ತದೆ. ಕೊಡದೊಳಗಿನ ದನಿಯೆಂದು ಹಿರಿಯರು ದೂರುವುದಕ್ಕೆ ಇದೂ ಒಂದು ಕಾರಣ.

ಇಲ್ಲಿ ಗಮನಿಸಬೇಕಾದ ಅಂಶ ಇನ್ನೊಂದಿದೆ. ಅಳಿಸುವಿಕೆ ಪೂರ್ಣವಾಗಬೇಕಾದರೆ ಎರಡು ಧ್ವನಿಗಳ ಬಲವೂ ಸಮನಾಗಿರಬೇಕು. ಆಗ ಉಬ್ಬಿನಲ್ಲಿ 6 ಡೆಸಿಬೆಲ್ ಏರಿಕೆಯೂ ತಗ್ಗಿನಲ್ಲಿ ನಾದದ ಲೋಪವೂ ಆಗುತ್ತವೆ. ಒಂದು ಧ್ವನಿ ಇನ್ನೊಂದಕ್ಕಿಂತ 20 ಡೆಸಿಬೆಲ್ ಮಿಗಿಲಾಗಿದ್ದರೆ ಏರಿಳಿತ ಹೆಚ್ಚುಕಡಿಮೆ 1 ಡೆಸಿಬೆಲಿಗೆ ಇಳಿಯುತ್ತದೆ. ಕಿವಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದು. ಇದರಿಂದ ಮೇಲುನೋಟಕ್ಕೆ ವಿಚಿತ್ರವೆನಿಸುವ ಒಂದು ಫಲಿತಾಂಶ ಹೊರಡುತ್ತದೆ. ಶ್ರವಣದೋಷ ತೀವ್ರವಾಗಿದ್ದು ಮುಚ್ಚಿದ ಅಚ್ಚನ್ನು ಧರಿಸಿದವನಿಗೆ ಸಾಧನದ ಧ್ವನಿಯೇ ಸರ್ವಸ್ವ. ನೇರ ಧ್ವನಿ ಅವನಿಗೆ ಕೇಳಿಸುವುದೇ ಇಲ್ಲ. ವಿಳಂಬವು ನಾದವನ್ನು ಕೆಡಿಸುವುದೂ ಇಲ್ಲ. ಮಂದ್ರಭಾಗ ಚೆನ್ನಾಗಿ ಕೇಳಿಸುತ್ತಿದ್ದು ತಾರಭಾಗ ಮಾತ್ರ ಕುಂದಿರುವವನಿಗೆ ಎರಡೂ ಧ್ವನಿಗಳು ಕೇಳಿಸುತ್ತವೆ. ನಡುವಣ ಆವೃತ್ತಿಗಳಲ್ಲಿ ಅವುಗಳ ಬಲ ಸರಿಸಮವಾಗುತ್ತದೆ. ಆದ್ದರಿಂದ ಈ ದೋಷವು ಹೆಚ್ಚು ಕಾಡುವುದು ಹೆಚ್ಚು ಕೇಳಬಲ್ಲವನನ್ನು. "ಅಷ್ಟೇನೂ ಕಿವುಡಿಲ್ಲದಿದ್ದರೂ ಇವರೇಕೆ ಇಷ್ಟು ಗೊಣಗುತ್ತಾರೆ" ಎಂದು ಕೇಳುವ ಬಂಧುಗಳಿಗೆ ಉತ್ತರ ಇಲ್ಲಿದೆ.

ಪ್ರತಿಧ್ವನಿಗೂ ಇದಕ್ಕೂ ಭೇದ

ತಡವಾಗಿ ಬಂದ ಧ್ವನಿ ಪ್ರತಿಧ್ವನಿಯಾಗಿಯೇ ಕೇಳಿಸಬೇಕಲ್ಲವೆ ಎಂಬ ಪ್ರಶ್ನೆ ಏಳಬಹುದು. ವಿಜಯಪುರದ ಗೋಲಗುಂಬಜಿನ ಮೊಗಸಾಲೆಯಲ್ಲಿ ಚಪ್ಪಾಳೆ ತಟ್ಟಿದವರಿಗೆ ಪ್ರತಿಧ್ವನಿಯ ಪರಿಚಯ ಉಂಟು. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರು. ಎದುರು ಗೋಡೆಯನ್ನು ಮುಟ್ಟಿ ಮರಳಲು ಧ್ವನಿಗೆ 200 ಮಿಲಿಸೆಕೆಂಡಿಗೂ ಹೆಚ್ಚು ಕಾಲ ಬೇಕು. ಅಷ್ಟು ಅಂತರವಿದ್ದಾಗ ಕಿವಿ ಎರಡನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. ಅಂತರ ಕುಗ್ಗಿದಾಗ ಅದು ಎರಡನ್ನೂ ಒಂದಾಗಿ ಬೆಸೆದುಕೊಳ್ಳುತ್ತದೆ. ಜರ್ಮನಿಯ ಹೆಲ್ಮುಟ್ ಹಾಸ್ ಎಂಬ ಸಂಶೋಧಕರು 1949ರ ತಮ್ಮ ಪ್ರಬಂಧದಲ್ಲಿ ಈ ಬೆಸುಗೆಯನ್ನು ಪರೀಕ್ಷಿಸಿ, ಮಾತಿನ ವಿಷಯದಲ್ಲಿ ಸುಮಾರು 30 ಮಿಲಿಸೆಕೆಂಡಿನವರೆಗೆ ತಡವಾದ ಧ್ವನಿಯು ಪ್ರತ್ಯೇಕವಾಗಿ ಕೇಳಿಸುವುದಿಲ್ಲವೆಂದು ತೋರಿಸಿದರು. ಶ್ರವಣಸಾಧನದ ವಿಳಂಬ ಈ ಎಲ್ಲೆಯ ಒಳಗೇ ಇದೆ. ಆದುದರಿಂದಲೇ ಧರಿಸಿದವನು 'ಮಾತು ಎರಡು ಸಲ ಕೇಳಿಸುತ್ತದೆ' ಎಂದು ಹೇಳುವುದಿಲ್ಲ. 'ಮಾತು ಸರಿಯಾಗಿಲ್ಲ' ಎಂದಷ್ಟೇ ಹೇಳುತ್ತಾನೆ. ದೋಷವನ್ನು ಅನುಭವಿಸುತ್ತಿದ್ದರೂ ಅದಕ್ಕೆ ಹೆಸರು ಕೊಡಲಾರದ ಸ್ಥಿತಿ ಅವನದು.

ತನ್ನ ದನಿ ತನಗೆ

ಇತರರ ಮಾತಿಗಿಂತಲೂ ತನ್ನ ಮಾತಿನಲ್ಲಿ ವಿಳಂಬವು ಬೇಗ ಗೋಚರಿಸುತ್ತದೆ. ಮನುಷ್ಯನ ದನಿಯು ಅವನ ಕಿವಿಯನ್ನು ಎರಡು ದಾರಿಗಳಿಂದ ಸೇರುತ್ತದೆ: ತುಟಿಯಿಂದ ಗಾಳಿಯ ಮೂಲಕ ಒಂದು, ತಲೆಯ ಎಲುಬಿನ ಮೂಲಕ ಇನ್ನೊಂದು. ಎಲುಬಿನ ದಾರಿಯನ್ನು ಯಾವ ಅಚ್ಚೂ ಮುಚ್ಚಲಾರದು. ಹೀಗಾಗಿ ಅಚ್ಚು ಎಷ್ಟೇ ಬಿಗಿಯಾಗಿದ್ದರೂ ತನ್ನ ದನಿಯ ಮಟ್ಟಿಗೆ ಎರಡು ನಾದಗಳ ಕೂಟ ತಪ್ಪದು. ವಿಳಂಬವು ಬಹಳ ದೀರ್ಘವಾದರೆ ಮಾತೇ ತೊಡರುತ್ತದೆ. ತನ್ನ ದನಿ ಸುಮಾರು 200 ಮಿಲಿಸೆಕೆಂಡು ತಡವಾಗಿ ಕಿವಿಗೆ ಬಿದ್ದರೆ ಸರಾಗವಾಗಿ ಮಾತನಾಡುವವನೂ ತೊದಲುತ್ತಾನೆಂಬುದನ್ನು 1950ರಲ್ಲಿಯೇ ಬರ್ನಾರ್ಡ್ ಲೀ ಎಂಬ ಅಮೆರಿಕನ್ ಸಂಶೋಧಕರು ವರದಿ ಮಾಡಿದ್ದರು.

ಹಾಗಾದರೆ ಎಷ್ಟು ವಿಳಂಬ ಸಹ್ಯ? ಈ ಪ್ರಶ್ನೆಯನ್ನು ವಿದ್ವಾಂಸರು ಪ್ರಯೋಗಗಳಿಂದ ಪರೀಕ್ಷಿಸಿದ್ದಾರೆ. 2000ದಲ್ಲಿ ಆಗ್ನ್ಯೂ ಮತ್ತು ಥಾರ್ನ್‌ಟನ್ ಪ್ರಕಟಿಸಿದ ಅಧ್ಯಯನದಲ್ಲಿ ಶ್ರೋತೃಗಳು 3ರಿಂದ 5 ಮಿಲಿಸೆಕೆಂಡಿನ ವಿಳಂಬವನ್ನು ಗುರುತಿಸಬಲ್ಲವರಾದರು. 10 ಮಿಲಿಸೆಕೆಂಡು ಮೀರಿದಾಗ ಅದು ಬೇಡವೆನಿಸಿತು. ಕೇಂಬ್ರಿಜ್ ವಿಶ್ವವಿದ್ಯಾಲಯದ ಮೈಕೇಲ್ ಸ್ಟೋನ್ ಮತ್ತು ಬ್ರಯನ್ ಮೂರ್ 1999ರಿಂದ 2008ರವರೆಗೆ ಇದೇ ವಿಷಯವನ್ನು ಕುರಿತು ಲೇಖನಮಾಲೆಯನ್ನೇ ಪ್ರಕಟಿಸಿದರು. ಮೊದಲ ಪ್ರಯೋಗಗಳಲ್ಲಿ 20 ಮಿಲಿಸೆಕೆಂಡಿನ ಆಸುಪಾಸಿನಿಂದ ತನ್ನ ದನಿ ಕಿರಿಕಿರಿಯಾಗತೊಡಗಿತು. ಕಿವಿ ತೆರೆದಿರುವ ಅಳವಡಿಕೆಯಲ್ಲಿ, ಮಂದ್ರಭಾಗದ ಶ್ರವಣ ಸಹಜವಾಗಿರುವವರಿಗೆ, 5–6 ಮಿಲಿಸೆಕೆಂಡಿನವರೆಗಿನ ವಿಳಂಬವೇ ಸಹ್ಯವೆಂದು ಕೊನೆಯ ಲೇಖನದಿಂದ ತಿಳಿದುಬಂತು. ಎಲ್ಲರಿಗೂ ಸಲ್ಲುವ ಒಂದೇ ಅಂಕೆ ಇಲ್ಲವೆಂಬುದು ಇವೆಲ್ಲದರ ಸಾರ. ಕೇಳುವವನ ಶ್ರವಣದ ಸ್ಥಿತಿ, ಅಚ್ಚಿನ ತೆರಪು, ಕೇಳುತ್ತಿರುವುದು ಮಾತೋ ಸಂಗೀತವೋ ಎಂಬುದನ್ನು ಅನುಸರಿಸಿ ಎಲ್ಲೆ ಬದಲಾಗುತ್ತದೆ.

ಎರಡು ಕಿವಿಗಳಿಗೂ ಸಂಬಂಧಿಸಿದ ಒಂದು ವಿಷಯ ಉಳಿದಿದೆ. ಶಬ್ದವು ಎಡಗಡೆಯಿಂದ ಬಂತೋ ಬಲಗಡೆಯಿಂದ ಬಂತೋ ಎಂಬುದನ್ನು ಮನಸ್ಸು ನಿರ್ಣಯಿಸುವುದು ಎರಡು ಕಿವಿಗಳಿಗೆ ಅದು ತಲುಪುವ ಕಾಲದ ಅಂತರದಿಂದಲೂ ಹೌದು. ಆ ಅಂತರ ಗರಿಷ್ಠವೆಂದರೆ 0.7 ಮಿಲಿಸೆಕೆಂಡಿನಷ್ಟು. ಎರಡು ಕಿವಿಗಳಿಗೂ ಬೇರೆಬೇರೆ ಮಾದರಿಯ ಸಾಧನಗಳನ್ನು ತೊಡಿಸಿ, ಒಂದರ ವಿಳಂಬ ಇನ್ನೊಂದಕ್ಕಿಂತ 2–3 ಮಿಲಿಸೆಕೆಂಡು ಹೆಚ್ಚಾದರೆ ಈ ಸೂಕ್ಷ್ಮ ತಕ್ಕಡಿ ಓಲಾಡುತ್ತದೆ. ರಸ್ತೆಯಲ್ಲಿ ಹಿಂದಿನಿಂದ ಬರುವ ವಾಹನದ ದಿಕ್ಕನ್ನು ಅರಿಯಬೇಕಾದವರಿಗೆ ಇದು ಅಲಕ್ಷಿಸುವ ಸಂಗತಿಯಲ್ಲ.

ಪರಿಹಾರದ ಮಾರ್ಗಗಳು

ವಿಳಂಬವನ್ನು ಕಡಿತಗೊಳಿಸುವ ಪ್ರಯತ್ನಗಳು ನಡೆದೇ ಇವೆ. 2020ರಲ್ಲಿ ವೈಡೆಕ್ಸ್ ಸಂಸ್ಥೆಯು ಅರ್ಧ ಮಿಲಿಸೆಕೆಂಡಿಗೂ ಕಡಿಮೆ ವಿಳಂಬದ ಸಾಧನವನ್ನು ಹೊರತಂದಿತು. ಅರ್ಧ ಮಿಲಿಸೆಕೆಂಡಿನಲ್ಲಿ ಬಾಚಣಿಗೆಯ ಮೊದಲ ತಗ್ಗು 1,000 ಹರ್ಟ್ಸಿನಲ್ಲಿಯೂ ಮುಂದಿನದು 3,000 ಹರ್ಟ್ಸಿನಲ್ಲಿಯೂ ಬೀಳುತ್ತದೆ. ಹಲ್ಲುಗಳು ವಿರಳವಾಗಿ, ಏರಿಳಿತ ಅಗಲವಾಗುವುದರಿಂದ ನಾದ ಹೆಚ್ಚು ಸಹಜವೆನಿಸುತ್ತದೆ. ಆದರೆ ಹಿಂದೆ ಹೇಳಿದ ನಿಯಮವನ್ನು ಮರೆಯಬಾರದು: ಕಾಯದವನಿಗೆ ನಯವಾದ ವಿಂಗಡಣೆ ದೊರೆಯದು. ಸಂತೆಯ ಗದ್ದಲದಲ್ಲಿ ಮಾತನ್ನು ಹೆಕ್ಕಿ ಕೊಡಬೇಕಾದಾಗ ಕೆಲವು ಮಿಲಿಸೆಕೆಂಡುಗಳ ವಿಳಂಬವನ್ನು ಒಪ್ಪಿಕೊಳ್ಳುವುದೇ ಲೇಸು. ಮನೆಯ ನಿಶ್ಶಬ್ದದಲ್ಲಿ ಸಂಗೀತ ಕೇಳುವಾಗ ವಿಳಂಬವಿಲ್ಲದ ಸರಳ ಸಂಸ್ಕಾರವೇ ಹಿತ. ಈ ಕಾರಣದಿಂದ ಬೇರೆಬೇರೆ ಸಂದರ್ಭಗಳಿಗೆ ಬೇರೆಬೇರೆ ಕ್ರಮಗಳನ್ನು ಒಂದೇ ಸಾಧನದಲ್ಲಿ ಅಳವಡಿಸುವ ಪದ್ಧತಿಯೂ ಬಂದಿದೆ.

ಸಾಧನವನ್ನು ಬದಲಿಸದೆಯೂ ಸಾಧ್ಯವಾಗುವ ಉಪಾಯಗಳುಂಟು. ಮಂದ್ರಭಾಗದಲ್ಲಿ ಅನಾವಶ್ಯಕವಾದ ವರ್ಧನೆಯನ್ನು ತಗ್ಗಿಸಿದರೆ ಅಲ್ಲಿ ನೇರ ಧ್ವನಿಯೇ ಪ್ರಧಾನವಾಗಿ ಬಾಚಣಿಗೆಯ ಹಲ್ಲು ಮೊಂಡಾಗುತ್ತದೆ. ಅಗತ್ಯವಿದ್ದಲ್ಲಿ ಗಾಳಿರಂಧ್ರವನ್ನು ಕಿರಿದುಗೊಳಿಸಿ ಸಾಧನದ ಧ್ವನಿಯನ್ನು ಪ್ರಧಾನವಾಗಿಸಬಹುದು. ಎರಡು ಕಿವಿಗಳಿಗೂ ಒಂದೇ ಮಾದರಿಯನ್ನು ಆಯ್ದುಕೊಳ್ಳಬೇಕು. ದೂರದರ್ಶನದ ಧ್ವನಿಯನ್ನು ಸಾಮಾನ್ಯ ಬ್ಲೂಟೂತ್ ಮೂಲಕ ಕೇಳುವಾಗ ವಿಳಂಬ 100 ಮಿಲಿಸೆಕೆಂಡನ್ನೂ ಮೀರಬಹುದು. ತುಟಿಯ ಚಲನೆಗೂ ಮಾತಿಗೂ ಹೊಂದಿಕೆ ತಪ್ಪಿದರೆ ದೋಷವನ್ನು ಕಿವಿಯ ಮೇಲೆ ಹೊರಿಸಬಾರದು. ಇವೆಲ್ಲವೂ ತಜ್ಞರ ಕೈಯಲ್ಲಿ ಆಗಬೇಕಾದ ಕಾರ್ಯಗಳು. 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕೇಂದ್ರಗಳಲ್ಲಿ ಶ್ರವಣಪರೀಕ್ಷೆಯ ಜೊತೆಗೆ ಸಾಧನದ ಆಯ್ಕೆ ಮತ್ತು ಹೊಂದಾಣಿಕೆಗೂ ವ್ಯವಸ್ಥೆಯಿದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯೂ ಅವಶ್ಯ. ವಿಳಂಬದ ದೋಷವನ್ನು ದೊಡ್ಡದು ಮಾಡಿ, ಸಾಧನವೇ ಬೇಡವೆನ್ನುವುದು ಅವಿವೇಕ. ವಿಶೇಷವಾಗಿ ಹುಟ್ಟಿನಿಂದ ಶ್ರವಣದೋಷವುಳ್ಳ ಮಗುವಿಗೆ ನಾದದ ಬಣ್ಣಕ್ಕಿಂತ ನಾದದ ಇರವೇ ಮುಖ್ಯ. ಅಕ್ಷರಗಳು ಕಿವಿಗೆ ಬೀಳದೆ ಮಾತು ನಾಲಗೆಗೆ ಬಾರದು. ಅಂತಹ ಮಗುವಿಗೆ ಸಾಧನವನ್ನು ಒಂದು ದಿನವೂ ತಡಮಾಡದೆ ತೊಡಿಸಬೇಕು. ಬಹುಕಾಲ ಮಂದವಾಗಿದ್ದ ಕಿವಿಗೆ ಹೊಸ ನಾದ ರೂಢಿಯಾಗಲು ಕೆಲವು ವಾರಗಳ ಅಭ್ಯಾಸವೂ ಬೇಕು.

ಅಭ್ಯಾಸವಾದ ಮೇಲೂ ದೂರು ನಿಲ್ಲದಿದ್ದರೆ ಅದನ್ನು ಹಟವೆಂದು ತಳ್ಳಿಹಾಕದೆ ವಿವರವಾಗಿ ಕೇಳಿಕೊಳ್ಳುವುದು ಮನೆಯವರ ಕರ್ತವ್ಯ. ಯಾರ ದನಿ ಕೆಟ್ಟು ಕೇಳಿಸುತ್ತದೆ, ತನ್ನದೋ ಪರರದೋ? ಮಾತಿನಲ್ಲಿಯೋ ಹಾಡಿನಲ್ಲಿಯೋ? ಒಂದು ಕಿವಿಯಲ್ಲಿಯೋ ಎರಡರಲ್ಲಿಯೋ? ಈ ಉತ್ತರಗಳನ್ನು ಬರೆದುಕೊಂಡು ತಜ್ಞರ ಬಳಿಗೆ ಒಯ್ದರೆ ಹೊಂದಾಣಿಕೆಯ ಅರ್ಧ ಕೆಲಸ ಮುಗಿದಂತೆಯೇ. ತರಗತಿಯಲ್ಲಿ ಸಾಧನ ಧರಿಸಿದ ವಿದ್ಯಾರ್ಥಿಯಿದ್ದರೆ ಉಪಾಧ್ಯಾಯರೂ ಇದೇ ಪ್ರಶ್ನೆಗಳನ್ನು ಕೇಳಬಹುದು. ಪೆಟ್ಟಿಗೆಯನ್ನು ಸೇರಿದ ಎಷ್ಟೋ ಸಾಧನಗಳು ಮರಳಿ ಕಿವಿಯನ್ನು ಸೇರಲು ಅಷ್ಟು ವಿಚಾರಣೆಯೇ ಸಾಕಾದೀತು.